ಹನ್ನೊಂದು ನಲವತ್ತರ ದೋಣಿ

ತಿಂಗಳಿಗೆ ಇಪ್ಪತ್ತು ಡಾಲರು.
ಒಂದನೇ ತಾರೀಖು, ನಾನಿನ್ನೂ ಒಲೆಗೆ ಸೌದೆ ತುರುಕುವ ಮುಂಚೆಯೇ
ಕಾರ್ಡಿನಿಂದ ಕಳಚಿಕೊಂಡು ಹೋಗಿರುತ್ತದೆ.
ಅದೊಂದರಲ್ಲಿ ಮಾತ್ರ ನೀನು
ಇವತ್ತಿನವರೆಗೂ ತಪ್ಪಿದವನಲ್ಲ.

ಕಾಸ್ತ್ರೋದಲ್ಲಿ ಕಂಬಗಳ ಮೇಲೆ ನಿಂತ ಮನೆ ನನ್ನದು.
ಹಲಗೆಯ ಸಂದಿಯಲ್ಲಿ ಬಗ್ಗಿ ನೋಡಿದರೆ ಸಮುದ್ರ.
ದಿನಕ್ಕೆರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ,
ಚಂದಾ ಕೇಳುವುದಿಲ್ಲ.

ನಿನ್ನನ್ನು ಕೇಳಿದ್ದು ಇಷ್ಟೇ:
ಏಪ್ರಿಲಿನ ಆ ಶನಿವಾರ ರಾತ್ರಿ
ಚಿಲಿಯ ಗಡಿಯಾರಗಳೆಲ್ಲ ಹನ್ನೆರಡರ ಹೊಸ್ತಿಲು ಮುಟ್ಟಿ
ಮತ್ತೆ ಹನ್ನೊಂದಕ್ಕೆ ಹಿಂದೆ ಸರಿಯುತ್ತವೆ.
ಹನ್ನೊಂದು ನಲವತ್ತು ಎರಡು ಸಲ ಆಗುತ್ತದೆ.
ದಾಲ್ಕಾವೆಯಿಂದ ಕಿಂಚಾವೊ ದ್ವೀಪಕ್ಕೆ
ಕೊನೆಯ ದೋಣಿ ಮಾತ್ರ ಒಂದೇ.
ನನ್ನ ಪ್ರೋಗ್ರಾಮು ಎರಡಕ್ಕೆ ಟಿಕೆಟ್ ಮಾರುತ್ತಿದೆ.
ಇದೊಂದು ಸರಿಮಾಡಪ್ಪ.

'ಅದ್ಭುತ ಪ್ರಶ್ನೆ, ಎಡುವಿನಾ!'
ಹೆಸರು ಹಿಡಿದು ಕರೆದೆ,
ನಾನೂರು ಸಾಲು ಸುರಿದೆ, ಹಸಿರು ಗುರುತು ಒತ್ತಿದೆ.
ಓಡಿಸಿ ನೋಡಿದರೆ
ಮೂರು ದೋಣಿ.

'ನೀವು ಹೇಳಿದ್ದು ನೂರಕ್ಕೆ ನೂರು ನಿಜ.'
ನಾನು ಹೇಳಿದ್ದಾದರೂ ಏನು? ಮೂರು ಅಂತ ಎಣಿಸಿದ್ದೆ, ಅಷ್ಟೇ.
ಸಿಟ್ಟಿಗೆ, ದೋಣಿಗೂ ರೆಕ್ಕೆ ಇರುತ್ತದಲ್ಲವೇ ಅಂದರೆ
'ಖಂಡಿತ!' ಎಂದು ರೆಕ್ಕೆಗೊಂದು ಕೋಷ್ಟಕ ಕಟ್ಟಿಕೊಟ್ಟೆ.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿದ್ದಾರೆ;
ನೀನು ಕರುವಿಗೆ ಹೆಸರಿಟ್ಟು
ಹಾಲಿನ ಲೆಕ್ಕವನ್ನೂ ಒಪ್ಪಿಸುವವನು.

ನಾಲ್ಕನೇ ಸಲ ಎಲ್ಲ ಹಸಿರೋ ಹಸಿರು.
ನಂಬಿ, ಅರ್ಧ ಲೋಟ ಸೇಬಿನ ಹೆಂಡ ಬಗ್ಗಿಸಿಕೊಂಡೆ.
ಆಮೇಲೆ ಕಣ್ಣಿಗೆ ಬಿತ್ತು:
ತಪ್ಪು ಹಿಡಿಯುವ ಪರೀಕ್ಷೆಯನ್ನೇ ನೀನು ಅಳಿಸಿಹಾಕಿದ್ದೆ.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ರೋಸೌರಾ ಬರೆದದ್ದು ಅದು,
ತಲೆಯ ಮೇಲೊಂದು ಟಿಪ್ಪಣಿಯಿತ್ತು:
'ದಯವಿಟ್ಟು ಮುಟ್ಟಬೇಡಿ. ಹೋದ ಸಲ ಮೂವತ್ತೊಂದು ಜನ
ದಡದಲ್ಲೇ ರಾತ್ರಿ ಕಳೆದರು. ಒಬ್ಬಳು ತುಂಬು ಬಸುರಿ.'
ನಿನಗದು ಅಡ್ಡ ಬಂದಿತ್ತು.

ಮಾಡಿದೆ ಅಂದರೆ ಮಾಡಿದ್ದು ನಾನೋ ನೀನೋ,
ಕಂಪನಿಗೆ ಅದೆಲ್ಲ ಬೇಕಿಲ್ಲ.
ತಪ್ಪಿನ ಕೆಳಗಿರುವುದು ನನ್ನ ಸಹಿ.

ಗದರಿದೆ. ನೀನು ಕ್ಷಮೆ ಕೇಳತೊಡಗಿದೆ,
ಕ್ಷಮೆ ಅರ್ಧಕ್ಕೆ ಬಂದಾಗ
'ಇಂದಿನ ಮಿತಿ ಮುಗಿಯಿತು. ಬೆಳಗಿನ ಜಾವ ನಾಲ್ಕಕ್ಕೆ ಬನ್ನಿ,
ಇಲ್ಲವೇ ನೂರು ಡಾಲರಿನ ಯೋಜನೆಗೆ ಏರಿ.'
ಕೆಡಿಸಿದ್ದು, ಒಪ್ಪಿಕೊಂಡದ್ದು, ತಿಪ್ಪೆ ಸಾರಿಸಿದ್ದು,
ಎಲ್ಲದಕ್ಕೂ ಮೀಟರು ಓಡಿತ್ತು
ನನ್ನ ಲೆಕ್ಕದಲ್ಲಿ.

ನಿದ್ದೆಗೆಟ್ಟು ಬೆಳಗ್ಗೆ ದಾಲ್ಕಾವೆಯ ಬಸ್ಸು ಹಿಡಿದೆ.
ದಡದಲ್ಲಿ ಮಂಜು, ಎದುರಿನ ದ್ವೀಪ ಇತ್ತೋ ಇಲ್ಲವೋ.
ಬೆಳ್ಳುಳ್ಳಿ ಚೀಲ ಹೊತ್ತ ಮುದುಕಿಯೊಬ್ಬಳು
ಅಂಬಿಗ ಎಲೆಉತೇರಿಯೊ ಬರ್ರಿಯಾನನ್ನು ಕೇಳಿದಳು,
ದೋಣಿ ಎಷ್ಟು ಹೊತ್ತಿಗೆ?
ಅವನು ಮಂಜನ್ನು ನೋಡಿದ. ಟೋಪಿ ತೆಗೆದು ತಲೆ ಕೆರೆದುಕೊಂಡ.
'ಗೊತ್ತಿಲ್ಲ.'

ಅವಳಿಗೆ ಕೋಪ ಬರಲಿಲ್ಲ.
ಚೀಲ ಇಳಿಸಿ ಅದರ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.
ಗಟ್ಟಿಯಾಗಿತ್ತು ಆ ಗೊತ್ತಿಲ್ಲ,
ಇಬ್ಬರ ಭಾರ ತಡೆಯುವಷ್ಟು.

ಬಸ್ ಟಿಕೆಟಿನ ಬೆನ್ನ ಮೇಲೆ
ಅವನ ಪೆನ್ಸಿಲ್ಲನ್ನೇ ಕಡ ಇಸಿದು
ಏಳು ಸಾಲು ಗೀಚಿದೆ. ಎರಡು ಹೊಡೆದುಹಾಕಿದೆ.
ಹತ್ತೂವರೆಗೆ ಮಂಜು ಹರಿದಾಗ ಐದು ಉಳಿದಿದ್ದವು,
ದೋಣಿ ಒಂದೇ ಇತ್ತು.

ಮನೆಗೆ ಬಂದು ಚಂದಾ ರದ್ದುಮಾಡುವ ಗುಂಡಿ ಹುಡುಕಿದೆ.
ಸಿಗಲಿಲ್ಲ.
ಬೇರೆ ದಾರಿ ಕಾಣದೆ ನಿನ್ನನ್ನೇ ಕೇಳಿದೆ.
'ಒಳ್ಳೆಯ ಪ್ರಶ್ನೆ, ಎಡುವಿನಾ! ಬಲಗಡೆ ಮೇಲ್ತುದಿಯಲ್ಲಿ
ನೀಲಿ ಬಣ್ಣದ ಮೂರನೇ ಗುಂಡಿ.'

ಬಲಗಡೆ ಮೇಲ್ತುದಿಯಲ್ಲಿ
ಎರಡೇ ಗುಂಡಿ. ಎರಡೂ ಬೂದು.
ಕೆಳಗೆ ಹಲಗೆಗೆ ನೀರು ಬಡಿಯತೊಡಗಿತ್ತು,
ಹೊತ್ತಿಗೆ ಸರಿಯಾಗಿ.